ಹೊಟೇಲಿನ ದುಡಿಮೆ ಅನುಭವವಲ್ಲವೇ?

ಕಳೆದ ತಿಂಗಳ ಒಂದು ಮಧ್ಯಾಹ್ನ ಮೂರೂವರೆಯ ಸುಮಾರಿಗೆ, ಅಂದರೆ ಹೊಟೇಲುಗಳಲ್ಲಿ ಊಟದ ಗದ್ದಲ ಅಡಗಿ ಸಂಜೆಯ ಚಹಾದ ಗದ್ದಲ ಇನ್ನೂ ಮೊದಲಾಗದ ಹೊತ್ತಿನಲ್ಲಿ, ತರುಣನೋರ್ವನು ನಮ್ಮ ಕಾರ್ಯಾಲಯಕ್ಕೆ ಬಂದನು. ಊರು ಕುಂದಾಪುರದ ಕಡೆ. ಪಿ.ಯು.ಸಿ. ಮುಗಿಸಿ ಮುಂಬಯಿಗೆ ಬಂದು ನಾಲ್ಕು ವರ್ಷಗಳಾದವು. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಕಾಲೇಜು, ಹನ್ನೊಂದರಿಂದ ರಾತ್ರಿಯವರೆಗೆ ಹೊಟೇಲು. ಈಗ ಬಿ.ಕಾಂ. ತರಗತಿಯ ಕೊನೆಯ ವರ್ಷದಲ್ಲಿದ್ದಾನೆ. ಕೈಯಲ್ಲಿ ಒಂದು ನೋಟುಪುಸ್ತಕವೂ ಅದರೊಳಗೆ ಮಡಿಸಿಟ್ಟ ಒಂದು ಹಾಳೆಯೂ ಇದ್ದವು. "ಅಣ್ಣಾ, ಇದು ನನ್ನ ಬಯೋಡಾಟಾ. ಮುಂದಿನ ತಿಂಗಳು ಕಾಲೇಜಿಗೆ ಕಂಪೆನಿಯವರು ಬರುತ್ತಾರೆ. ನೀವು ಪತ್ರಿಕೆಯವರಲ್ಲವೇ, ತಪ್ಪಿದ್ದರೆ ತಿದ್ದಿಕೊಡಬೇಕು," ಎಂದನು.

ಎಸ್.ಎಸ್.ಎಲ್.ಸಿ.ಯ ಮೆಟ್ಟಿಲಿನಾಚೆಗೆ ಕಾಲಿಡದ ನಾವು ಪದವಿ ತರಗತಿಯವನ ಇಂಗ್ಲಿಷನ್ನು ತಿದ್ದುವ ಧೈರ್ಯ ಮಾಡಲಿಲ್ಲ. ಹಾಳೆಯನ್ನು ಬದಿಗಿಟ್ಟು ನೋಟುಪುಸ್ತಕವನ್ನು ತೆರೆದೆವು. ಅವನ ಕಾಲೇಜಿನಲ್ಲಿ ವೃತ್ತಿಸಿದ್ಧತೆ ಮತ್ತು ನಾಯಕತ್ವ ಎಂಬ ವಿಷಯಗಳ ಮೇಲೆ ಮೂರು ದಿನ ಉಪನ್ಯಾಸಗಳು ನಡೆದಿದ್ದವಂತೆ. ಕಂಪೆನಿಯೊಂದರಲ್ಲಿ ನೌಕರರನ್ನು ಆರಿಸುವ ಅಧಿಕಾರಿಯೊಬ್ಬರು, ನಿವೃತ್ತ ಬ್ಯಾಂಕ್ ಮೆನೇಜರೊಬ್ಬರು, ಸ್ವಂತ ಕಾರಖಾನೆ ನಡೆಸುವ ಮಹಿಳೆಯೊಬ್ಬರು ಮಾತನಾಡಿದ್ದರಂತೆ. ಆ ಮೂರು ದಿನಗಳ ಟಿಪ್ಪಣಿಗಳೇ ನೋಟುಪುಸ್ತಕದ ತುಂಬ ಇದ್ದವು.

ಇಂಥ ಉಪನ್ಯಾಸಗಳ ಬಗೆಗೆ ನಮಗೆ ಹೆಚ್ಚಿನ ಗೌರವವಿರಲಿಲ್ಲವೆಂಬುದನ್ನು ಮೊದಲಿಗೇ ಒಪ್ಪಿಕೊಳ್ಳುತ್ತೇವೆ. ತಣ್ಣನೆಯ ಸಭಾಂಗಣದಲ್ಲಿ ನಿಂತು, "ನೀವೆಲ್ಲರೂ ನಾಯಕರಾಗಿರಿ" ಎಂದು ಹೇಳಿ, ಚಪ್ಪಾಳೆ ತೆಗೆದುಕೊಂಡು ಹೋಗುವವರನ್ನು ನಾವು ಕಂಡಿದ್ದೇವೆ. ಎಲ್ಲರೂ ನಾಯಕರಾದರೆ ಇಡ್ಲಿ ಹಿಟ್ಟು ರುಬ್ಬುವವರಾರು ಎಂದು ಕೇಳುವ ಜಾತಿಗೆ ಸೇರಿದವರು ನಾವು. ಆದರೆ ಆ ಹುಡುಗನ ಪುಟಗಳನ್ನು ಓದುತ್ತ ಹೋದಂತೆ ನಮ್ಮ ಪೂರ್ವಗ್ರಹ ಸಡಿಲವಾಯಿತು. ಅದಕ್ಕೆ ಕಾರಣ ಉಪನ್ಯಾಸಕರಷ್ಟೇ ಅಲ್ಲ, ಕೇಳಿದವನೂ ಹೌದು.

ಶಾಯಿಯಲ್ಲಿ ಬರೆದುಕೊಂಡ ಪಾಠಗಳು ಇಂಗ್ಲಿಷಿನಲ್ಲಿದ್ದವು. ಪ್ರತಿಯೊಂದು ಪಾಠದ ಪಕ್ಕದಲ್ಲಿ, ಅಂಚಿನ ಖಾಲಿ ಜಾಗದಲ್ಲಿ, ಪೆನ್ಸಿಲಿನಿಂದ ಕನ್ನಡದಲ್ಲಿ ಒಂದೆರಡು ಶಬ್ದಗಳಿದ್ದವು. ಉದಾಹರಣೆಗೆ ಕೆಲವನ್ನು ಇಲ್ಲಿ ಕೊಡುತ್ತೇವೆ.

"ಕೆಲಸ ನನಗೇನು ಕೊಡುತ್ತದೆ ಎಂದು ಕೇಳುವ ಮೊದಲು, ನಾನು ಏನನ್ನು ಮಾಡಬಲ್ಲೆ ಎಂಬುದನ್ನು ಬರೆದು ನೋಡಬೇಕು." ಪಕ್ಕದಲ್ಲಿ ಪೆನ್ಸಿಲಿನಿಂದ, "ಹಾಲಿನ ಲೆಕ್ಕ" ಎಂದಿತ್ತು.

"ಗುಂಪು ಚರ್ಚೆಯಲ್ಲಿ ಗಟ್ಟಿಯಾಗಿ ಮಾತನಾಡಿದವನಿಗಿಂತ, ಬಾಯಿ ತೆರೆಯದೆ ಕುಳಿತವನಿಗೆ ಮಾತನಾಡಲು ಅವಕಾಶ ಮಾಡಿಕೊಟ್ಟವನನ್ನು ಪರೀಕ್ಷಕರು ಗಮನಿಸುತ್ತಾರೆ." ಪಕ್ಕದಲ್ಲಿ, "ರಾತ್ರಿ ಪಾಳಿಯ ಭಟ್ಟರು" ಎಂದಿತ್ತು.

"ಮೆಚ್ಚುವುದನ್ನು ಹತ್ತು ಜನರೆದುರು ಮೆಚ್ಚಬೇಕು, ತಿದ್ದುವುದನ್ನು ಏಕಾಂತದಲ್ಲಿ ತಿದ್ದಬೇಕು." ಪಕ್ಕದಲ್ಲಿ, "ನಮ್ಮಲ್ಲಿ ತಿರುಗುಮುರುಗು!" ಎಂದಿತ್ತು. ಇದನ್ನು ಓದಿ ನಾವು ನಕ್ಕೆವು. ನಕ್ಕ ಮೇಲೆ, ನಮ್ಮ ಗಲ್ಲಾದ ದಿನಗಳನ್ನು ನೆನೆದು ತುಸು ನಾಚಿದೆವು.

"ತನ್ನ ಕೆಲಸವನ್ನು ಇನ್ನೊಬ್ಬನಿಗೆ ಕಲಿಸದವನು ಅದೇ ಕೆಲಸದಲ್ಲಿ ಉಳಿಯುತ್ತಾನೆ." ಪಕ್ಕದಲ್ಲಿ, "ಮೂವರು" ಎಂದಿತ್ತು. ಮೂವರು ಯಾರು ಎಂದು ಕೇಳಿದಾಗ, ಊರಿನಿಂದ ಹೊಸದಾಗಿ ಬಂದ ಮೂರು ಮಂದಿಗೆ ಕೆಲಸ ಕಲಿಸಿದ್ದೇನೆ ಎಂದು ಹೇಳಿದನು.

ಹಾಲಿನ ಲೆಕ್ಕದ ಕತೆಯನ್ನೂ ಕೇಳಿ ತಿಳಿದುಕೊಂಡೆವು. ಕಚೇರಿಗಳ ನಡುವಿನ ಹೊಟೇಲಾದುದರಿಂದ ಭಾನುವಾರ ಅಲ್ಲಿ ಗಿರಾಕಿಗಳು ಕಡಿಮೆ. ಹಾಲು ಮಾತ್ರ ಎಲ್ಲ ದಿನಗಳಷ್ಟೇ ಬರುತ್ತಿತ್ತು, ಉಳಿದು ಕೆಡುತ್ತಿತ್ತು. ಒಂದು ವರ್ಷದಿಂದ ಉಗ್ರಾಣದ ಲೆಕ್ಕ ಬರೆಯುತ್ತಿರುವ ಈ ಹುಡುಗನು ಮೂರು ತಿಂಗಳ ಚೀಟಿಗಳನ್ನು ಕೂಡಿಸಿ ನೋಡಿ, ಭಾನುವಾರದ ಹಾಲನ್ನು ಕಡಿಮೆ ಮಾಡಬೇಕೆಂದು ಮೆನೇಜರರಿಗೆ ತೋರಿಸಿಕೊಟ್ಟನು. ಯಾರೂ ಹೇಳದೆ ಮಾಡಿದ ಕೆಲಸ. ಅಂದಿನಿಂದ ಹಾಲು ಕೆಡುವುದು ನಿಂತಿತು.

ಇಷ್ಟೆಲ್ಲ ಕೇಳಿದ ಮೇಲೆ ನಾವು ಬಯೋಡಾಟಾವನ್ನು ಬಿಡಿಸಿ ನೋಡಿದೆವು. ಹೆಸರು, ವಿಳಾಸ, ಅಂಕಗಳು, ಕಂಪ್ಯೂಟರ್ ತರಗತಿಯ ಸರ್ಟಿಫಿಕೇಟು, ಹವ್ಯಾಸ ಕ್ರಿಕೆಟ್, ಎಲ್ಲವೂ ಇದ್ದವು. ಅನುಭವ ಎಂಬಲ್ಲಿ ಒಂದೇ ಶಬ್ದ: ಇಲ್ಲ.

ನಾಲ್ಕು ವರ್ಷಗಳ ದುಡಿಮೆಯನ್ನು ಒಂದು ಶಬ್ದದಲ್ಲಿ ಅಳಿಸಿಬಿಟ್ಟಿದ್ದನು. ನಮಗೆ ಸಿಟ್ಟು ಬಂದಿತು. "ಎಂಥದು ಮಾರಾಯ ಇದು? ಹೊಟೇಲಿನಲ್ಲಿ ದುಡಿದೆನೆಂದು ಬರೆಯಲು ನಾಚಿಕೆಯೇ?" ಎಂದು ಕೇಳಿ, ಅವನಿಗೆ ಉತ್ತರ ಕೊಡಲು ಬಿಡದೆ ದೊಡ್ಡ ಉಪನ್ಯಾಸವನ್ನೇ ಕೊಟ್ಟೆವು. ಆ ಉಪನ್ಯಾಸದ ಸಾರಾಂಶ ನಮ್ಮ ವಾಚಕರಲ್ಲಿ ಅನೇಕರಿಗೂ ಸಲ್ಲುವಂಥದಾದುದರಿಂದ ಇಲ್ಲಿ ಬರೆಯುತ್ತೇವೆ.

ಸಂದರ್ಶನದಲ್ಲಿ ಏನನ್ನು ಕೇಳುತ್ತಾರೆಂಬುದು ಆ ಹುಡುಗನ ನೋಟುಪುಸ್ತಕದಲ್ಲಿಯೇ ಇದೆ. ಕಷ್ಟದ ಸಂದರ್ಭವೊಂದನ್ನು ಹೇಳು, ಅಲ್ಲಿ ನಿನ್ನ ಹೊಣೆ ಏನಿತ್ತು, ನೀನು ಏನು ಮಾಡಿದೆ, ಅದರಿಂದ ಏನಾಯಿತು. ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಲು ಕಾಲೇಜಿನ ಹುಡುಗರು ತಲೆ ತುರಿಸಿಕೊಳ್ಳುತ್ತಾರೆ. ಕಾಲೇಜು ದಿನಾಚರಣೆಗೆ ಚಂದಾ ಎತ್ತಿದುದನ್ನೋ ಪ್ರವಾಸಕ್ಕೆ ಬಸ್ಸು ಗೊತ್ತುಮಾಡಿದುದನ್ನೋ ಹೇಳುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಹೊಟೇಲಿನ ಹುಡುಗನಿಗೆ ಇಂಥ ಸಂದರ್ಭಗಳು ದಿನಕ್ಕೆ ಹತ್ತು ಬರುತ್ತವೆ.

ಸೋಮವಾರದ ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆಯವರೆಗಿನ ಹೊತ್ತನ್ನು ನೆನೆಸಿಕೊಳ್ಳಿರಿ. ಒಬ್ಬ ಸಪ್ಲಾಯರನ ಪಾಲಿಗೆ 6 ಮೇಜುಗಳು, ಮೇಜಿಗೆ 4 ಮಂದಿಯಂತೆ 24 ಗಿರಾಕಿಗಳು. ಒಬ್ಬನಿಗೆ ಈರುಳ್ಳಿ ಬೆಳ್ಳುಳ್ಳಿ ಬೇಡ, ಇನ್ನೊಬ್ಬನಿಗೆ ಸಾಂಬಾರ್ ಬೇರೆ ಬಟ್ಟಲಲ್ಲಿ ಬೇಕು, ಮತ್ತೊಬ್ಬನಿಗೆ ಎರಡು ಗಂಟೆಯೊಳಗೆ ಕಚೇರಿಯ ಕುರ್ಚಿ ಸೇರಬೇಕು. ಬಾಗಿಲಲ್ಲಿ ಮೇಜಿಗಾಗಿ ಕಾದು ನಿಂತವರು ಊಟ ಮಾಡುವವರ ತಲೆಯ ಮೇಲೆ ಕಣ್ಣಿಟ್ಟಿದ್ದಾರೆ. ಒಳಗೆ ಭಟ್ಟರು ರೇಗಿದ್ದಾರೆ. ಅಷ್ಟರಲ್ಲಿ ಹೊಸ ಹುಡುಗನೊಬ್ಬನು ಗಿರಾಕಿಯ ಬಿಳಿ ಅಂಗಿಯ ಮೇಲೆ ಸಾಂಬಾರ್ ಚೆಲ್ಲುತ್ತಾನೆ. ಆಗ ಓಡಿಬಂದು ಕ್ಷಮೆ ಕೇಳಿ, ನೀರು ಕೊಟ್ಟು, ಗಿರಾಕಿಯನ್ನು ಬೇರೆ ಮೇಜಿಗೆ ಕರೆದೊಯ್ದು, ನಡುಗುತ್ತಿರುವ ಹುಡುಗನನ್ನು ಬೈಯದೆ ಒಳಗೆ ಕಳುಹಿಸಿ, ಆ ಗಿರಾಕಿ ನಾಳೆಯೂ ಅದೇ ಹೊಟೇಲಿಗೆ ಬರುವಂತೆ ಮಾಡುವವನು ಯಾರು? ಅವನಿಗೆ ನಾಯಕ ಎಂಬ ಹೆಸರಿಲ್ಲ. ತಿಂಗಳ ಕೊನೆಗೆ ಅದಕ್ಕಾಗಿ ಒಂದು ರೂಪಾಯಿ ಹೆಚ್ಚೂ ಇಲ್ಲ. ಆದರೆ ಉಪನ್ಯಾಸಕರು ಮೂರು ದಿನ ವಿವರಿಸಿದುದನ್ನು ಅವನು ಮೂರು ನಿಮಿಷಗಳಲ್ಲಿ ಮಾಡಿ ಮುಗಿಸಿರುತ್ತಾನೆ.

ನಮ್ಮವರ ಚರಿತ್ರೆಯಲ್ಲಿ ಇದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೊಟೇಲನ್ನು 1930ರ ದಶಕದ ಕೊನೆಯಲ್ಲಿ ತೆರೆದ ಕೆ. ಕೃಷ್ಣರಾಯರು ಇನ್ನೊಬ್ಬರ ಹೊಟೇಲಿನಲ್ಲಿ ಕೆಲಸದಾಳಾಗಿ ದುಡಿದು ಮೇಲೆ ಬಂದವರು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನ ಯಜ್ಞನಾರಾಯಣ ಮಯ್ಯರು, ಹೊಟೇಲು ಚೆನ್ನಾಗಿ ನಡೆಯುತ್ತಿದ್ದಾಗಲೇ, 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಉಪಾಹಾರಗೃಹಗಳು ಹೇಗೆ ನಡೆಯುತ್ತವೆಂಬುದನ್ನು ನೋಡಿ ಬಂದರು. ಬಂದ ಮೇಲೆ ಪಾತ್ರೆಗಳ ಶುಚಿತ್ವಕ್ಕೆ ಹೊಸ ಕ್ರಮಗಳನ್ನು ತಂದರು. ಧಣಿಯಾದ ಮೇಲೂ ವಿದ್ಯಾರ್ಥಿಯಾಗಿ ಉಳಿದ ಅವರ ಗುಣವನ್ನು ನಾವು ನಾಯಕತ್ವ ಎಂದು ಕರೆಯುತ್ತೇವೆ. ಹೊಟೇಲಿನ ಹೊರಗಿನ ಉದಾಹರಣೆ ಬೇಕಾದರೆ ವಿಶ್ವೇಶ್ವರಯ್ಯನವರನ್ನು ನೋಡಿರಿ. ಬೆಂಗಳೂರಿನಲ್ಲಿ ಓದುವಾಗ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಖರ್ಚನ್ನು ತೂಗಿಸಿ, 1881ರಲ್ಲಿ ಬಿ.ಎ. ಮುಗಿಸಿ, ಆಮೇಲೆ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಇದೇ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ದುಡಿಯುತ್ತ ಓದಿದುದು ಅವರ ಕೀರ್ತಿಗೆ ಕುಂದಾಗಲಿಲ್ಲ.

ಇಲ್ಲಿ ಒಂದು ಮಾತನ್ನು ಸೇರಿಸದಿದ್ದರೆ ಅಪ್ರಾಮಾಣಿಕತೆಯಾದೀತು. ಲೋಟ ತೊಳೆದವರೆಲ್ಲರೂ ಕೃಷ್ಣರಾಯರಾಗಲಿಲ್ಲ. ಒಬ್ಬರು ಧಣಿಯಾದರೆ, ಅವರೊಡನೆ ಮೋರಿಯ ಬಳಿ ಕುಳಿತಿದ್ದ ನೂರು ಮಂದಿ ಹೊಟೇಲಿನಲ್ಲಿಯೇ ಮುದುಕರಾಗಿ ಊರಿಗೆ ಮರಳಿದರು. ಬಡತನದಿಂದ ಮೇಲೆ ಬಂದವರ ಕತೆಯನ್ನಷ್ಟೇ ಹೇಳಿ, ಮೇಲೆ ಬಾರದವರದು ಅವರದೇ ತಪ್ಪು ಎಂಬ ಭಾವನೆಯನ್ನು ಹುಟ್ಟಿಸುವ ಉಪನ್ಯಾಸಗಳು ನಮಗೆ ಒಪ್ಪಿಗೆಯಿಲ್ಲ. ಧಣಿಯಾದವನು ಮಾತ್ರ ನಾಯಕನಲ್ಲ. ಕೈ ಸುಟ್ಟುಕೊಂಡ ಹೊಸಬನ ಪಾಲಿನ ಕೆಲಸವನ್ನು ಎರಡು ದಿನ ತಾನೇ ಮಾಡಿದ ಭಟ್ಟನೂ ನಾಯಕನೇ. ಹುಡುಗನ ಪೆನ್ಸಿಲು ಇದನ್ನು ನಮಗಿಂತ ಮೊದಲೇ ಗುರುತಿಸಿತ್ತು.

ನಮ್ಮ ಉಪನ್ಯಾಸ ಮುಗಿಯುವವರೆಗೆ ಆ ಹುಡುಗನು ಸುಮ್ಮನೆ ಕುಳಿತಿದ್ದನು. ಆಮೇಲೆ ಮೆಲ್ಲನೆ ಹೇಳಿದನು: "ನಾಚಿಕೆಯಲ್ಲ ಅಣ್ಣಾ. ಅನುಭವ ಎಂದು ಬರೆದರೆ ಕಾಗದ ತೋರಿಸಬೇಕು. ನನ್ನ ಹತ್ತಿರ ಕಾಗದ ಎಲ್ಲಿದೆ? ಕೆಲಸಕ್ಕೆ ಸೇರಿದ್ದಕ್ಕೂ ಕಾಗದವಿಲ್ಲ, ಸಂಬಳಕ್ಕೂ ಕಾಗದವಿಲ್ಲ. ಧಣಿಗಳನ್ನು ಕೇಳಿದರೆ, ಇವನು ಬಿಟ್ಟುಹೋಗುವ ಅಂದಾಜಿನಲ್ಲಿದ್ದಾನೆ ಎಂದು ಈಗಲೇ ಬೇರೆ ಹುಡುಗನನ್ನು ನೋಡಿಯಾರು. ಪರೀಕ್ಷೆ ಮುಗಿಯುವವರೆಗೆ ನನಗೆ ಊಟ ಮತ್ತು ಮಲಗುವ ಜಾಗ ಅಲ್ಲಿಯೇ ಅಲ್ಲವೇ?"

ನಾವು ಮಾತಿಲ್ಲದೆ ಕುಳಿತೆವು. ಅವನ ನಾಚಿಕೆಯನ್ನು ತಿದ್ದಲು ಹೊರಟವರಿಗೆ ನಮ್ಮದೇ ನಾಚಿಕೆ ಎದುರು ಬಂದು ನಿಂತಿತ್ತು.

ಅದೇಕೆಂಬುದನ್ನೂ ವಾಚಕರಿಗೆ ತಿಳಿಸಲೇಬೇಕು. ಸುಮಾರು ಹನ್ನೆರಡು ವರ್ಷಗಳ ಹಿಂದೆ, ನಾವು ಗಲ್ಲಾದಲ್ಲಿ ಕುಳಿತಿದ್ದ ಕಾಲದಲ್ಲಿ, ನಮ್ಮಲ್ಲಿ ಆರು ವರ್ಷ ದುಡಿದ ಸಪ್ಲಾಯರನೊಬ್ಬನು ದುಬಾಯಿಯ ಹೊಟೇಲೊಂದಕ್ಕೆ ಅರ್ಜಿ ಹಾಕಲು ಅನುಭವಪತ್ರವನ್ನು ಕೇಳಿದನು. ನಾಳೆ ಎಂದೆವು, ನಾಡಿದ್ದು ಎಂದೆವು, ಲೆಟರ್‌ಹೆಡ್ ಮುಗಿದಿದೆ ಎಂದೆವು. ಲೆಟರ್‌ಹೆಡ್ ಗಲ್ಲಾದ ಕೆಳಗಿನ ಖಾನೆಯಲ್ಲಿಯೇ ಇತ್ತು. ಪಳಗಿದ ಆಳು ಕೈಬಿಟ್ಟು ಹೋಗುತ್ತಾನಲ್ಲ ಎಂಬುದು ಒಂದು ಭಯ. ಬರೆದುಕೊಟ್ಟ ಕಾಗದವನ್ನು ಹಿಡಿದು ನಾಳೆ ಬಾಕಿ ಹಕ್ಕುಗಳನ್ನು ಕೇಳಿಯಾನೆಂಬುದು ಇನ್ನೊಂದು ಭಯ. ಅರ್ಜಿಯ ದಿನ ಕಳೆದುಹೋಯಿತು. ಒಂದು ತಿಂಗಳ ಮೇಲೆ ಅವನು ನಮ್ಮ ಕೆಲಸವನ್ನೂ ಬಿಟ್ಟನು. ಕೊನೆಯ ಸಂಬಳವನ್ನು ಎಣಿಸಿಕೊಳ್ಳುವಾಗ ಅವನು ನಮ್ಮ ಮುಖವನ್ನು ನೋಡಲಿಲ್ಲ. ಅವನನ್ನು ಉಳಿಸಿಕೊಳ್ಳಲೆಂದು ಕಾಗದವನ್ನು ತಡೆದೆವು; ಅವನೂ ಉಳಿಯಲಿಲ್ಲ, ಅವನಿಗೆ ದೊರೆಯಬೇಕಾದುದೂ ದೊರೆಯಲಿಲ್ಲ. ಇಂದು ಸಂಪಾದಕರ ಕುರ್ಚಿಯಲ್ಲಿ ಕುಳಿತು ಬೇರೆ ಧಣಿಗಳಿಗೆ ಬುದ್ಧಿ ಹೇಳುವ ಮೊದಲು ಈ ತಪ್ಪನ್ನು ನಮ್ಮ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ.

ಹೊಟೇಲು ಧಣಿಗಳ ಕಷ್ಟವನ್ನು ನಾವು ಅರಿಯದವರಲ್ಲ. ಬಾಡಿಗೆ, ಗ್ಯಾಸು, ತರಕಾರಿ, ಲೈಸೆನ್ಸುಗಳ ನಡುವೆ ಉಳಿಯುವ ಲಾಭ ಎಷ್ಟೆಂಬುದು ನಮಗೆ ಗೊತ್ತು. ರಜೆಗೆ ಊರಿಗೆ ಹೋದ ಹುಡುಗನು ಮರಳಿ ಬರುವನೋ ಇಲ್ಲವೋ ಎಂದು ಕಾಯುವ ಸಂಕಟವೂ ಗೊತ್ತು. ಆದರೆ ಕಾಗದ ಕೊಡದಿರುವುದರಿಂದ ಯಾವ ಹುಡುಗನೂ ಉಳಿದುದನ್ನು ನಾವು ಕಾಣೆವು. ಇಷ್ಟಕ್ಕೂ ಇದು ಧಣಿಯ ಔದಾರ್ಯದ ವಿಷಯವಾಗಿ ಉಳಿದಿಲ್ಲ. ಸಂಸತ್ತು 2020ರಲ್ಲಿ ಅಂಗೀಕರಿಸಿದ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ, ಕೆಲಸಗಾರನಿಗೆ ನೇಮಕಪತ್ರವನ್ನು ಕೊಡಬೇಕೆಂಬ ವಿಧಿಯಿದೆ. 20 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವಲ್ಲಿ ಭವಿಷ್ಯನಿಧಿಯನ್ನು ಕಟ್ಟಲೇಬೇಕು. ಕಾನೂನಿನ ಭಯದಿಂದ ಕೊಡುವುದಕ್ಕಿಂತ, ನಮ್ಮಲ್ಲಿ ದುಡಿದು ಹೋದವನು ನಾಲ್ಕು ಕಡೆ ನಮ್ಮ ಹೆಸರನ್ನು ಒಳ್ಳೆಯದಾಗಿ ಹೇಳಲಿ ಎಂದು ಕೊಡುವುದು ಲೇಸಲ್ಲವೇ? ಓದುವ ಹುಡುಗರಿಗೆ ಇಲ್ಲಿ ಗೌರವವಿದೆ ಎಂಬ ಸುದ್ದಿ ಊರಿಗೆ ಮುಟ್ಟಿದರೆ ಒಳ್ಳೆಯ ಹುಡುಗರು ತಾವಾಗಿ ಹುಡುಕಿಕೊಂಡು ಬಂದಾರು.

ಮುಂಬಯಿಯ ಕನ್ನಡಿಗರಿಗೆ ಇದು ಹೊಸ ಪಾಠವೇನೂ ಅಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು ನಡೆಸಿದ ಕನ್ನಡ ರಾತ್ರಿಶಾಲೆಗಳಲ್ಲಿ, ಹಗಲೆಲ್ಲ ಹೊಟೇಲುಗಳಲ್ಲಿ ದುಡಿದ ಹುಡುಗರು ಕುಳಿತು ಓದಿದರು. ಅಲ್ಲಿ ಕಲಿತವರು ಬ್ಯಾಂಕು, ರೈಲ್ವೆ, ಕಚೇರಿಗಳನ್ನು ಸೇರಿದರು, ವಕೀಲರೂ ಲೇಖಕರೂ ಆದರು. ಈಗ ಕಾಲ ಬದಲಾಗಿದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೊಟೇಲುಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದ ಸರಕಾರ ನಿಷೇಧಿಸಿತು. ಅದು ಆಗಲೇಬೇಕಾಗಿದ್ದ ಕೆಲಸ. ಇಂದು ನಮ್ಮ ಹೊಟೇಲುಗಳಿಗೆ ಬರುವವರು ಪಿ.ಯು.ಸಿ.ಯನ್ನೋ ಐ.ಟಿ.ಐ.ಯನ್ನೋ ಮುಗಿಸಿದ ತರುಣರು. ಅವರಿಗೆ ಅಕ್ಷರ ಕಲಿಸುವ ರಾತ್ರಿಶಾಲೆ ಬೇಕಾಗಿಲ್ಲ. ಕಲಿತುದಕ್ಕೂ ದುಡಿದುದಕ್ಕೂ ಬೆಲೆ ಬರುವಂತೆ ದಾರಿ ತೋರಿಸುವವರು ಬೇಕು. ಕಾಲೇಜಿನ ಉಪನ್ಯಾಸಗಳು ಅದನ್ನೇ ಮಾಡಲೆತ್ನಿಸುತ್ತವೆ. ಆದರೆ ಕಾಲೇಜಿನ ಮೆಟ್ಟಿಲು ಹತ್ತದವರಿಗೆ ಅವು ದೊರೆಯುವುದಿಲ್ಲ.

ಆದುದರಿಂದ ಮೂರು ವರ್ಗದ ವಾಚಕರ ಮುಂದೆ ಮೂರು ಸೂಚನೆಗಳನ್ನು ಇಡಬಯಸುತ್ತೇವೆ.

ಮೊದಲನೆಯದಾಗಿ, ನಮ್ಮ ಸಂಘಸಂಸ್ಥೆಗಳಿಗೆ. ವಾರ್ಷಿಕೋತ್ಸವದಲ್ಲಿ ಶಾಲು ಹೊದೆಸಿ ಹಾರ ಹಾಕುವುದು ನಡೆಯುತ್ತಿರಲಿ. ಅದರೊಡನೆ ತಿಂಗಳಿಗೊಮ್ಮೆ, ಮಧ್ಯಾಹ್ನ ಮೂರರಿಂದ ಐದರವರೆಗೆ, ಸಂಘದ ಸಭಾಗೃಹದಲ್ಲಿ ವೃತ್ತಿಸಿದ್ಧತೆಯ ಮಾತುಗಳು ಕನ್ನಡದಲ್ಲಿ ನಡೆಯಲಿ. ಆ ಹೊತ್ತನ್ನೇ ಏಕೆ ಹೇಳುತ್ತೇವೆಂದರೆ, ಹೊಟೇಲಿನ ಹುಡುಗನಿಗೆ ದಿನದಲ್ಲಿ ತನ್ನದೆನ್ನಬಹುದಾದ ಹೊತ್ತು ಅದೊಂದೇ. ಭಾನುವಾರ ಸಂಜೆಯ ಸಭೆಗೆ ಅವನು ಬರಲಾರ. ನೀವು ಸಭೆಗೆ ತರಿಸಿದ ಉಪಾಹಾರವನ್ನು ಕಟ್ಟಿಕೊಡುತ್ತಿರುವವನು ಅವನೇ.

ಎರಡನೆಯದಾಗಿ, ಬ್ಯಾಂಕು, ವಿಮೆ, ರೈಲ್ವೆ ಮತ್ತು ಖಾಸಗಿ ಕಚೇರಿಗಳಲ್ಲಿರುವ ನಮ್ಮ ಗುಮಾಸ್ತ ಬಂಧುಗಳಿಗೆ. ಉಪನ್ಯಾಸ ಕೊಡಲು ನೀವು ದೊಡ್ಡ ಅಧಿಕಾರಿಗಳಾಗಿರಬೇಕಾಗಿಲ್ಲ. ನೀವೂ ಒಂದು ದಿನ ಬೆವರುತ್ತ ಸಂದರ್ಶನದ ಬಾಗಿಲಲ್ಲಿ ನಿಂತವರೇ. ದಿನವೂ ನಿಮಗೆ ಊಟ ಬಡಿಸುವ ಹುಡುಗನು ಓದುತ್ತಿದ್ದಾನೆಯೇ ಎಂದು ಒಮ್ಮೆ ಕೇಳಿರಿ. ಓದುತ್ತಿದ್ದರೆ ಅರ್ಧ ಗಂಟೆ ಎದುರು ಕುಳ್ಳಿರಿಸಿಕೊಂಡು, ನಿಮ್ಮನ್ನು ಅಂದು ಕೇಳಿದ ಪ್ರಶ್ನೆಗಳನ್ನು ಅವನಿಗೆ ಕೇಳಿರಿ. ಮೊದಲ ಸಲ ತಡವರಿಸುವುದು ನಿಮ್ಮ ಮುಂದೆ ಆಗಿಹೋದರೆ, ಪರೀಕ್ಷಕರ ಮುಂದೆ ಅವನ ನಾಲಗೆ ತಡವರಿಸದು.

ಮೂರನೆಯದಾಗಿ, ದುಡಿಯುತ್ತ ಓದುವ ತಮ್ಮಂದಿರಿಗೆ. ಅನುಭವದ ಅಂಕಣವನ್ನು ಖಾಲಿ ಬಿಡಬೇಡಿರಿ, ಸುಳ್ಳಿನಿಂದಲೂ ತುಂಬಬೇಡಿರಿ. ನಾಯಕತ್ವದ ಗುಣವುಳ್ಳವನು, ಶ್ರಮಜೀವಿ ಎಂಬ ವಿಶೇಷಣಗಳನ್ನು ಬರೆಯುವುದಕ್ಕಿಂತ, ಮಾಡಿದುದನ್ನು ಲೆಕ್ಕಸಹಿತ ಬರೆಯಿರಿ. ಆ ಹುಡುಗನೊಡನೆ ಕುಳಿತು ನಾವು ಕನ್ನಡದಲ್ಲಿ ಬರೆದ ಸಾಲುಗಳು ಇವು: ಹೊಟೇಲಿನಲ್ಲಿ 4 ವರ್ಷಗಳ ಕೆಲಸ. ಮೊದಲ 1 ವರ್ಷ ಮೇಜು ಶುಚಿಮಾಡುವುದು, ಅನಂತರ 2 ವರ್ಷ ಸಪ್ಲಾಯರ್, ಈಗ 1 ವರ್ಷದಿಂದ ಉಗ್ರಾಣದ ಲೆಕ್ಕ. ಹೊಸದಾಗಿ ಬಂದ 3 ಮಂದಿಗೆ ಕೆಲಸ ಕಲಿಸಿದ್ದೇನೆ. ಚೀಟಿಗಳನ್ನು ಪರಿಶೀಲಿಸಿ ಭಾನುವಾರ ಹಾಲು ಕೆಡುವುದನ್ನು ನಿಲ್ಲಿಸಿದ್ದೇನೆ. ಕನ್ನಡ, ಹಿಂದಿ, ಮರಾಠಿ ಮಾತನಾಡಬಲ್ಲೆ; ತುಳುವನ್ನು ಹೊಟೇಲಿನಲ್ಲಿಯೇ ಕಲಿತೆ. ಇವನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸವನ್ನು ಅವನೇ ಮಾಡಿದನು, ನಮಗಿಂತ ಚೆನ್ನಾಗಿ.

ಕಾಗದದ ವಿಷಯದಲ್ಲಿಯೂ ಎಚ್ಚರವಿರಲಿ. ಸಂಬಳವನ್ನು ಬ್ಯಾಂಕ್ ಖಾತೆಗೆ ಹಾಕುವಂತೆ ಸೇರುವಾಗಲೇ ಕೇಳಿಕೊಳ್ಳಿರಿ. ಯಾವ ಧಣಿ ಯಾವ ಕಾಗದವನ್ನು ಕೊಡದಿದ್ದರೂ ಪಾಸ್‌ಬುಕ್ ಒಂದು ಸಾಕ್ಷಿ. ಭವಿಷ್ಯನಿಧಿಯಿದ್ದರೆ ಅದರ ಲೆಕ್ಕವೂ ಸಾಕ್ಷಿ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯು, ಈಗಾಗಲೇ ಕೆಲಸ ಬಲ್ಲವರನ್ನು ಪರೀಕ್ಷಿಸಿ ಸರ್ಟಿಫಿಕೇಟು ಕೊಡುವುದಕ್ಕೂ ಅವಕಾಶ ಮಾಡಿತು. ಹೊಟೇಲಿನ ಕೆಲಸಕ್ಕೂ ಅದು ಅನ್ವಯಿಸುತ್ತದೆ. ಇದನ್ನು ವಿಚಾರಿಸಿ ತಿಳಿದುಕೊಳ್ಳಿರಿ. ಮೊದಲು ಹಣ ಕಟ್ಟು, ಆಮೇಲೆ ನೌಕರಿ ಕೊಡಿಸುತ್ತೇನೆ ಎನ್ನುವವನು ಮಾತ್ರ ಎಷ್ಟೇ ಚೆನ್ನಾಗಿ ಕನ್ನಡ ಮಾತನಾಡಿದರೂ ಅವನಿಂದ ದೂರವಿರಿ.

ಆ ಹುಡುಗನ ಕತೆ ಎಲ್ಲಿಗೆ ಬಂದಿತೆಂದು ವಾಚಕರು ಕೇಳಬಹುದು. ನಮ್ಮ ಕಾರ್ಯಾಲಯದಿಂದ ಹೋದವನು ಧೈರ್ಯ ಮಾಡಿ ಧಣಿಗಳನ್ನು ಕೇಳಿದನು. ಮೊದಲ ದಿನ ಉತ್ತರ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಆ ಎರಡು ರಾತ್ರಿ ತನಗೆ ನಿದ್ದೆ ಬರಲಿಲ್ಲವೆಂದು ಆಮೇಲೆ ಹೇಳಿದನು. ಮೂರನೆಯ ದಿನ ಗಲ್ಲಾ ಮುಚ್ಚುವ ಹೊತ್ತಿಗೆ ಧಣಿಗಳು ಕರೆದು, "ನೀನೇ ಬರೆದು ತಾ, ಸಹಿ ಹಾಕುತ್ತೇನೆ" ಎಂದರಂತೆ. ಅವನು ಇಂಗ್ಲಿಷಿನಲ್ಲಿ ಟೈಪು ಮಾಡಿ ತಂದ ಪತ್ರಕ್ಕೆ ಸಹಿ ಹಾಕಿ, ಮೊಹರು ಒತ್ತಿ, ಕೆಳಗಿನ ಖಾಲಿ ಜಾಗದಲ್ಲಿ ತಮ್ಮ ಕೈಯಿಂದಲೇ ಕನ್ನಡದಲ್ಲಿ ಒಂದು ಸಾಲನ್ನು ಸೇರಿಸಿದರಂತೆ: "ಈ ಹುಡುಗನ ಕೈಯಲ್ಲಿ ಗಲ್ಲಾದ ಕೀಲಿ ಕೊಟ್ಟು ನಾನು ಎರಡು ಸಲ ಊರಿಗೆ ಹೋಗಿ ಬಂದಿದ್ದೇನೆ."

ಕಂಪೆನಿಯವರು ಬರುವುದು ಮುಂದಿನ ವಾರ. ಅವರಲ್ಲಿ ಕನ್ನಡ ಬಲ್ಲವರು ಇರುವರೋ ಇಲ್ಲವೋ. ಆ ಸಾಲಿನ ಅರ್ಥವನ್ನು ಕೇಳಿದರೆ ಹುಡುಗನೇ ಹೇಳಲಿ, ಹೇಳುವಾಗ ತಲೆ ಎತ್ತಿ ಹೇಳಲಿ. ಕೆಲಸ ದೊರೆಯುವುದು ಬಿಡುವುದು ಅವನೊಬ್ಬನ ಕೈಯಲ್ಲಿಲ್ಲ. ಆದರೆ ಅನುಭವ ಎಂಬಲ್ಲಿ ಇಲ್ಲ ಎಂದು ಬರೆಯಬೇಕಾದ ದುರವಸ್ಥೆ ಅವನಿಗೆ ಇನ್ನಿಲ್ಲ. ನಮ್ಮ ಹೊಟೇಲುಗಳಲ್ಲಿ ದುಡಿಯುತ್ತ ಓದುತ್ತಿರುವ ಇತರ ಹುಡುಗರಿಗೂ ಅದು ಇಲ್ಲದಂತೆ ಮಾಡಲು ಒಂದು ಹಾಳೆ ಲೆಟರ್‌ಹೆಡ್, ಒಂದು ಸಹಿ ಸಾಕು. ಗಲ್ಲಾದ ಕೆಳಗಿನ ಖಾನೆಯನ್ನು ಇಂದೇ ಒಮ್ಮೆ ಎಳೆದು ನೋಡಬೇಕೆಂದು ಧಣಿಗಳಾದ ನಮ್ಮ ಮಿತ್ರರಲ್ಲಿ ವಿನಂತಿಸುತ್ತೇವೆ.